ತನಗಾದರೆ ಉಷ್ಣ, ಮಂದಿಗಾದರೆ ಕುಷ್ಠ

ಮಸ್ಕಿಯ ಒಬ್ಬ ಹುಡುಗಿಯ ಕೊರಳ ಮೇಲಿನ ಗಜಕರ್ಣವನ್ನು ಕುಷ್ಠವೆಂದು ಕರೆದರು. ತಪ್ಪು ಮಾಡಿದರು. ಕರೆದವರು ಒಬ್ಬರಲ್ಲ, ಇಡೀ ಓಣಿ. ಆಕೆಯ ಲಗ್ನ ಮುರಿಯುವ ಮಾತು ಅಲ್ಲಿಂದಲೇ ಎದ್ದಿತು.

ನಿಜಾಮಶಾಹಿ ಮುಗಿದು ಎರಡು ವರ್ಷವಾಗಿತ್ತು. ಆಳುವವರು ಬದಲಾದರೂ ತುರಿಕೆ ಬದಲಾಗಿರಲಿಲ್ಲ. ಮಸ್ಕಿಯಲ್ಲಿ ನನ್ನದು ಹೊಲಿಗೆಯ ಅಂಗಡಿ. ಅಳತೆಪಟ್ಟಿ ಹಿಡಿದವನಿಗೆ ಊರಿನ ನಡು, ಕಂಕುಳು ಎಲ್ಲ ಗೊತ್ತು; ಹಾಗಾಗಿ ಇಂಥ ಪ್ರಸಂಗಗಳು ಒಂದು ಸಂತೆಯೂ ತಪ್ಪದೆ ನನ್ನ ಮುಂದೆ ನಡೆಯುತ್ತಿದ್ದವು. ಗಜಕರ್ಣ ನನಗೂ ಆಗಿತ್ತು. ಲಿಂಗಸುಗೂರಿನ ದವಾಖಾನೆಯ ಡಾಕ್ಟರು ಹೇಳಿದ್ದರು: "ಇದು ಹುಳ ಅಲ್ಲ, ಶಾಪ ಅಲ್ಲ. ತಂಗಳ ರೊಟ್ಟಿಗೆ ಬೂಷ್ಟು ಹಿಡಿತೈತಲ್ಲ, ಹಂಗ ಬೆವರಿದ ತೊಗಲಿಗೆ ಹಿಡಿತೈತಿ." ಶಾಲೆ ಕಾಣದ ನನಗೆ ಅಷ್ಟು ಸಾಕಾಯಿತು. ಊರೂರು ಸಾರಲು ಹೊರಟೆ.

ಖಾಲಿ ಇಲ್ಲದ ಕೈ

ಸಿಂಧನೂರಿನಲ್ಲಿ ಬೇವಿನ ಮರದ ಕೆಳಗೆ ಸಭೆ. ಚಳಿಗಾಲ. ದೂರದ ಬಿಳಿಜೋಳದ ತೆನೆಗಳ ಮೇಲೆ ಎಳೆಬಿಸಿಲು ತೇಲುತ್ತಿತ್ತು; ಗಾಳಿಯೂ ನಿದ್ದೆಗಣ್ಣಲ್ಲಿತ್ತು. ನಾನು ಗಂಟಲು ಹರಿಯುವಂತೆ ಕೂಗಿದೆ: "ಊರಿಗೊಂದು ದವಾಖಾನಿ ಬೇಕು ಅನ್ನಾವ್ರು ಕೈ ಎತ್ರಿ!"

ಒಂದು ಕೈಯೂ ಏಳಲಿಲ್ಲ. ಎಲ್ಲರ ಕಣ್ಣು ಅರ್ಧ ಮುಚ್ಚಿದ್ದವು. ತುಂಗಭದ್ರೆಯ ನೀರು ತಮ್ಮ ಹೊಲಕ್ಕೆ ಹರಿದು ಬಂದ ಕನಸು ಕಾಣುವವರಂತೆ ಕುಳಿತಿದ್ದರು. ನನ್ನ ಭಾಷಣಕ್ಕೆ ಮೈಮರೆತರೆಂದು ಹಿಗ್ಗಿದೆ. ಮುಂದೆ ಕುಳಿತ ಮುದುಕ ಕಂಬಳಿಯೊಳಗೆ ಪರಪರ ಕೆರೆಯುತ್ತಲೇ ಹೇಳಿದ: "ದವಾಖಾನಿ ಬೇಕಪಾ ತಮ್ಮಾ. ಆದ್ರ ಈಗ ಎರಡೂ ಕೈ ಖಾಲಿ ಇಲ್ಲ."

ಬೀಜಕ್ಕೆ ಇಟ್ಟದ್ದು

ಗುರುಗುಂಟಾದ ರೈತನೊಬ್ಬನ ತೊಡೆಯ ಮೇಲೆ ಬಳೆಯಗಲದ ಉಂಗುರ ಎದ್ದಿತ್ತು. ದವಾಖಾನೆಗೆ ಕರೆದೊಯ್ದು ಮುಲಾಮು ಕೊಡಿಸಿ ತಾಕೀತು ಮಾಡಿದೆ: "ನಡುವ ಮಾಸಿದಂಗ ಕಾಣ್ತೈತಿ, ಜೀವ ಇರೋದು ಅಂಚಿನ್ಯಾಗ. ಅಂಚಿನಾಚಿ ಎರಡು ಬೆರಳು ಹಚ್ಚು. ಹೋತು ಅನಿಸಿದ ಮ್ಯಾಲೂ ಎರಡು ವಾರ ಬಿಡಬ್ಯಾಡ."

ತಿಂಗಳ ಮೇಲೆ ಬಂದ. ಒಂದು ಉಂಗುರ ಮೂರಾಗಿತ್ತು.

"ಹಚ್ಚಲಿಲ್ಲೇನಲೇ?"

"ಹಚ್ಚಿದ್ನೆಣ್ಣಾ. ನಾಕು ದಿನಕ್ಕ ಕಡಿತ ನಿಂತಿತು. ಉಳಿದದ್ದು ಮುಂದಿನ ವರ್ಷಕ್ಕಂತ ಇಟ್ಟೀನಿ."

"ಮುಲಾಮು ಅಲ್ಲಲೇ, ನೀ ಗಜಕರ್ಣಾನ ಬೀಜಕ್ಕ ಇಟ್ಟೀ!"

ಆತ ತೊಡೆಯನ್ನು ಮೆಲ್ಲಗೆ ಸವರಿಕೊಂಡ. "ಬೆಳಿ ಮಾತ್ರ ಛಲೋ ಬಂದೈತಿ ಬಿಡೆಣ್ಣಾ."

ಮದುಮಕ್ಕಳ ಕೋಟು

ಬಡ ಮದುಮಕ್ಕಳಿಗೆಂದು ನನ್ನ ಅಂಗಡಿಯಲ್ಲಿ ಒಂದು ಕರಿ ಉಣ್ಣೆಕೋಟು ಇಟ್ಟಿದ್ದೆ. ಯಾರ ಲಗ್ನವಿದ್ದರೂ ಬಿಟ್ಟಿ ಕೊಡುತ್ತಿದ್ದೆ. ಸಮಾನತೆಯ ಕೋಟು ಎಂದು ಹೆಮ್ಮೆ ಬೇರೆ. ಒಂದು ದಿನ "ಒಬ್ಬರ ಅರಿವಿ ಒಬ್ಬರು ಹಾಕ್ಕೋಬ್ಯಾಡ್ರಿ" ಎಂದು ಸಾರುತ್ತಿದ್ದಾಗ ಪಕ್ಕದ ಬಳೆಯಂಗಡಿಯ ಚಾಚಿ ತಡೆದಳು: "ಭಾಷಣ ಭಾಳ ಛಲೋ ಐತಿ ಭಾಯಿ. ಆ ಕೋಟು ಹಾಕ್ಕೊಂಡ ಮದುಮಕ್ಕಳೆಲ್ಲಾ ಒಂದ ಕಡೆ ಯಾಕ ಕೆರಕೋತಾರ?"

ನನ್ನ ಮುಖ ಇಳಿಯಿತು. ಬೂಷ್ಟು ಹಂಚಿದವನು ನಾನೇ! ಆಗಲೇ ಕೋಟನ್ನು ಹಂಡೆಗೆ ಹಾಕಿ ಕುದಿಸಿದೆ. ರೋಗ ಸತ್ತಿತು. ಆದರೆ ಮುಂದಿನ ಮದುಮಗನ ಕೈ ಮೊಣಕೈ ದಾಟಿ ಒಳಗೆ ಹೋಗಲಿಲ್ಲ. ಚಾಚಿ ಮುದುಡಿದ ಕೋಟನ್ನು ಎತ್ತಿ ಹಿಡಿದು ನೋಡಿದಳು: "ಇನ್ನ ಇದು ತೊಟ್ಟಿಲ ಲಗ್ನಕ್ಕ ಸರಿ."

ಅರ್ಧಕ್ಕೆ ನಿಂತ ಮಾತು

ಈಗ ಆ ಹುಡುಗಿಯ ವಿಷಯ. ನನ್ನ ಮಾತು ಕೇಳಿ ಮೂರು ವಾರದಿಂದ ಮುಲಾಮು ಹಚ್ಚುತ್ತಿದ್ದಳು. ಗುರುಗುಂಟಾದವನ ಕಥೆ ಹೇಳಿ ನಗಿಸಿದ್ದೆ. ಉಂಗುರ ಮಾಸಿತ್ತು, ಕಲೆ ಉಳಿದಿತ್ತು. ಲಿಂಗಸುಗೂರಿನ ಬೀಗರು ಬಂದರು. ಹುಡುಗಿಯ ಅಪ್ಪ ಕೈಮುಗಿದು ನಿಂತಿದ್ದ. ವರನ ತಂದೆ ಗುಡುಗಿದ: "ಕುಷ್ಠದ ಮನಿತನ ನಮಗ ಬ್ಯಾಡ! ಈ ಲಗ್ನ ಇವತ್ತಿಗೆ..."

ಮಾತು ಅಲ್ಲೇ ನಿಂತಿತು. ಆತನ ಕೈ ತಾನೇ ತಾನಾಗಿ ಉಡಿದಾರದ ಕೆಳಗೆ ಇಳಿದಿತ್ತು. ಕಣ್ಣು ಮೆಲ್ಲಗೆ ಮುಚ್ಚಿದವು. ಸಿಟ್ಟಿನ ಮುಖ ಬೆಣ್ಣೆಯಂತೆ ಕರಗಿತು. ಆತ ಆ ಪಡಸಾಲೆಯಲ್ಲಿ ಇರಲೇ ಇಲ್ಲ. ಎಲ್ಲೋ ತಂಪು ಹೊಳೆಯ ದಂಡೆಯಲ್ಲಿದ್ದ. ಉಗುರಿನ ಸದ್ದೊಂದೇ ಕೇಳುತ್ತಿತ್ತು.

ನಾನೆಂದೆ: "ಸಾಹುಕಾರ್ರ, ನಿಮ್ಮ ಪೈಜಾಮದ ಅಳತಿ ತಗೊಂಡಾವ ನಾನು. ಅಲ್ಲಿರೋದು ಏನ್ರಿ?"

ಬೆಚ್ಚಿ ಕಣ್ಣು ಬಿಟ್ಟ. "ಇದಾ? ಇದು ಉಷ್ಣ!"

ಬಾಗಿಲ ಮರೆಯಿಂದ ಹುಡುಗಿ ಬಂದು ಮುಲಾಮಿನ ಡಬ್ಬಿಯನ್ನು ಮುಂದಿಟ್ಟಳು. "ಮಾವಾರ, ನನ್ನ ಉಷ್ಣ ಇದರಾಗ ಹೋತ್ರಿ. ಇನ್ನೂ ಅರ್ಧ ಐತಿ. ಅಂಚಿನಾಚಿ ಎರಡು ಬೆರಳು ಹಚ್ಚ್ರಿ. ಬೀಜಕ್ಕ ಇಡಬ್ಯಾಡ್ರಿ."

ಮೊದಲು ನಕ್ಕವಳು ಆತನ ಹೆಂಡತಿ. ಲಗ್ನ ಉಳಿಯಿತು.

ಓದಿದವರೇ, ನಕ್ಕು ಸುಮ್ಮನಾಗಬೇಡಿ. ಕುಷ್ಠವೇ ಆಗಿದ್ದರೂ ಆಕೆ ಮನುಷ್ಯಳೇ; ಕೊಡಿಸಬೇಕಾದದ್ದು ಮದ್ದು, ಬೈಗುಳವಲ್ಲ. ಇವತ್ತೇ ನಿಮ್ಮ ಉಡಿದಾರ ಸರಿಸಿ ನೋಡಿಕೊಳ್ಳಿ. ಮನೆಮಂದಿಯ ಟವೆಲು ಬೇರೆ ಬೇರೆ ಮಾಡಿ, ಅರಿವೆ ಕುದಿಸಿ ಬಿಸಿಲಿಗೆ ಹಾಕಿ, ಎಲ್ಲರೂ ಕೂಡಿ ದವಾಖಾನೆಗೆ ನಡೆಯಿರಿ. ಮಂದಿಯ ತೊಗಲಿನ ಕಡೆ ಬೊಟ್ಟು ಮಾಡುವ ಮೊದಲು, ಆ ಬೊಟ್ಟನ್ನು ಮುಲಾಮಿನ ಡಬ್ಬಿಯಲ್ಲಿ ಅದ್ದಿರಿ.