ಶುರುವಾದರೆ ಅರ್ಧ

ಗುಮಾಸ್ತ ತಲೆಯ ಮೇಲೆ ಕೈ ಹೊತ್ತು ಕೂತದ್ದು ಒಂದು ಜುಜುಬಿ ಸಂಖ್ಯೆಯಿಂದ: 0.58. ಕಟ್ಟುತ್ತಿದ್ದ ಹಾಸ್ಟೆಲಿನಲ್ಲಿ ಇವತ್ತಿಗೆ ನೂರು ಅಂಕದಷ್ಟು ಕೆಲಸ ಆಗಿರಬೇಕಿತ್ತು, ಆಗಿದ್ದು ಐವತ್ತೆಂಟು. ಭಾಗಿಸಿದಾಗ ಒಂದು ಬಂದರೆ ಮಾತ್ರ ಕೆಲಸ ವೇಳೆಗೆ ಸರಿಯಾಗಿದೆ ಎಂದರ್ಥ. ಪಾಪ, ಇವನು ಇಟ್ಟಿಗೆ ಹೊತ್ತವನಲ್ಲ, ಗಾರೆ ಕಲಸಿದವನೂ ಅಲ್ಲ. ಬರೀ ಭಾಗಾಕಾರ ಮಾಡಿದ ತಪ್ಪಿಗೆ ಬೈಗುಳವೆಲ್ಲ ಇವನ ಪಾಲಿಗೆ.

“ಸಂಜೆ ನಾಲ್ಕಕ್ಕೆ ಒಂದು ಬರ್ಲಿಲ್ವೋ, ನಿನ್ನನ್ನ ಅಣೆಕಟ್ಟೆ ಸೈಟಿಗೆ ಎತ್ತಿ ಹಾಕ್ತೀನಿ!” ಎಂದು ಸಾಹೇಬರು ಫೋನಿನಲ್ಲಿ ಗುಡುಗಿದ್ದರು.

ಅಣೆಕಟ್ಟೆ ಎರಡು ದಿನದ ಹಾದಿ. ಮನೆಯಲ್ಲಿ ಹೆಂಡತಿಗೆ ಒಂಬತ್ತು ತುಂಬಿ ಇವತ್ತೋ ನಾಳೆಯೋ ಎಂಬಂತಿತ್ತು. “ಹೆರಿಗೆ ಹೊತ್ತಿಗೆ ನೀವು ಪಕ್ಕದಲ್ಲಿದ್ರೆ ಸಾಕು ರೀ. ಬೇರೇನೂ ಕೇಳಲ್ಲ,” ಎಂದಿದ್ದಳು ಬೆಳಿಗ್ಗೆ. ನೆನೆದು ಅವನಿಗೆ ಅಳುವೇ ಬಂತು.

“ಈ ಅಂಕ ಹೇಗೆ ಹಾಕ್ತೀರಿ ಸಾರ್?” ಎಂದು ಮೇಸ್ತ್ರಿ ಮೂಗು ತೂರಿಸಿದ.

“ಕೆಲಸ ಶುರುವಾದ್ರೆ ಅರ್ಧ, ಮುಗಿದ್ರೆ ಇನ್ನರ್ಧ. ಸಾಹೇಬ್ರೇ ಮಾಡಿದ ನಿಯಮ.”

“ಅಷ್ಟೇನಾ! ಹಾಗಾದ್ರೆ ಎಲ್ಲಾನೂ ಶುರು ಮಾಡೇಬಿಡೋಣ ಬನ್ನಿ.”

ಶುರುವಾಯಿತು ನೋಡಿ ರಾದ್ಧಾಂತ! ಅರವತ್ತು ಕೋಣೆಗೂ ಒಂದೊಂದೇ ಟೈಲ್ಸ್ ಅಂಟಿಸಿದರು. ಪೇಂಟರು ಗೋಡೆಗೊಂದು ಪಟ್ಟೆ ಎಳೆದು ಮುಂದಿನ ಗೋಡೆಗೆ ಓಡಿದ. ನಲ್ಲಿಗಳು ಬಂದವು, ಪೈಪು ಬರಲಿಲ್ಲ. ಬಾಗಿಲುಗಳನ್ನು ಒಂದೊಂದೇ ಕೀಲಿನ ಮೇಲೆ ನೇತುಹಾಕಿದರು. ಅದರಲ್ಲೊಂದು ಗುಮಾಸ್ತನ ಹೆಗಲ ಮೇಲೇ ಬಿತ್ತು. ಅವನು ಬಾಗಿಲಡಿ ಕೂತೇ ಮತ್ತೆ ಭಾಗಿಸಿದ. 1.06!

ನಾಲ್ಕಕ್ಕೆ ಬಂದ ಸಾಹೇಬರು ಕಾರಿನಿಂದ ಇಳಿಯಲೂ ಇಲ್ಲ. ಕಾಗದ ನೋಡಿದ್ದೇ ತಡ, ಮುಖ ಊರಗಲವಾಯಿತು.

“ಒಂದೇ ದಿನದಲ್ಲಿ ಇಷ್ಟಾ! ನಿನ್ನಂಥೋನು ಇಲ್ಲಿ ಯಾಕಯ್ಯಾ ಕೊಳೀಬೇಕು? ಅಣೆಕಟ್ಟೆ ಸೈಟು 0.3ರಲ್ಲಿ ಬಿದ್ದು ಒದ್ದಾಡ್ತಿದೆ. ಅದನ್ನ ಉದ್ಧಾರ ಮಾಡೋನು ನೀನೇ. ಕಾರು ಹತ್ತು!”

“ಸಾರ್, ಬೇಡ ಸಾರ್! ನನ್ನ ಹೆಂಡ್ತಿ…”

“ಬಡ್ತಿ ಅಂತ ಹೇಳು, ಖುಷಿಪಡ್ತಾಳೆ.”

ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಆ ಕಡೆ ಹೆಂಡತಿ ನರಳುತ್ತಿದ್ದಳು. “ನೋವು ಬರ್ತಿದೆ ರೀ, ಬೇಗ ಬನ್ನಿ!”

ಗುಮಾಸ್ತ ಕಾರಿನ ಕಿಟಕಿಗೆ ಬಗ್ಗಿ ಕೈಮುಗಿದ. “ಸಾರ್, ದಮ್ಮಯ್ಯ, ಬಿಟ್ಟುಬಿಡಿ. ಹೆರಿಗೆ ನೋವು ಶುರುವಾಯ್ತಂತೆ!”

“ಶುರುವಾಯ್ತಾ?” ಸಾಹೇಬರು ಸಮಾಧಾನದಿಂದ ಕಾರಿನ ಬಾಗಿಲು ತೆರೆದರು. “ಹಾಗಾದ್ರೆ ಅರ್ಧ ಆದ ಹಾಗೇ ಅಲ್ವೇನಯ್ಯಾ? ಹತ್ತು.”