ಗಿಣ್ಣ ಕೊಡದ ಅತ್ತೆ

ನಮ್ಮ ಸೋದರತ್ತೆಯ ಮನೆಯಲ್ಲಿ ಮರ್ಯಾದೆ ಬೇಕೆಂದರೆ ಗಬ್ಬದ ಆಕಳಾಗಿ ಹುಟ್ಟಬೇಕು. ನಾನು ಅಳಿಯನಾಗಿ ಹುಟ್ಟಿ ಕೆಟ್ಟೆ! ನನಗೀಗ ನಲವತ್ತೆಂಟು, ಭಾಲ್ಕಿಯಲ್ಲಿ ವಿಜ್ಞಾನದ ಮೇಷ್ಟ್ರು. ಔರಾದ ತಾಲ್ಲೂಕಿನ ಎಕಂಬಾದಲ್ಲಿರುವ ಅತ್ತೆಯ ಕೊಟ್ಟಿಗೆಯಿಂದ ಇಂದಿನವರೆಗೆ ಒಂದು ಚಮಚ ಗಿಣ್ಣವೂ ನನ್ನ ಬಾಯಿಗೆ ಬಿದ್ದಿಲ್ಲವೆಂದರೆ ನಂಬುತ್ತೀರಾ? ಆಕಳು ಈದ ಮೂರು ದಿನ ಹಾಲೆಲ್ಲ ಕರುವಿನದು, ನಾಲ್ಕನೇ ದಿನ ಬಾ ಎನ್ನುತ್ತಾರೆ. ನಾಲ್ಕನೇ ದಿನ ಅದು ಗಿಣ್ಣವಾಗಿ ಎಲ್ಲಿ ಉಳಿದಿರುತ್ತದೆ? ಬರೀ ಹಾಲು!

ಆಕಳಿಗೆ ಏಳು ತಿಂಗಳು ತುಂಬಿತೆಂದರೆ ಅತ್ತೆ ಹಿಂಡುವುದನ್ನೇ ನಿಲ್ಲಿಸುತ್ತಾರೆ. ಅಲ್ಲಿಂದ ಎರಡು ತಿಂಗಳು ಬಂದವರಿಗೆಲ್ಲ ಕರಿ ಚಹಾ. ಈ ದಿನಗಳಲ್ಲಿ ತಾಯಿಗೆ ಚೆನ್ನಾಗಿ ಮೇವು ಹಾಕಿದರೆ ಗಿಣ್ಣ ಗಟ್ಟಿಯಾಗುತ್ತದೆ, ಕರುವಿಗೆ ರೋಗ ತಡೆಯುವ ಬಲ ಬರುತ್ತದೆ ಎಂದು ದನದ ಡಾಕ್ಟರು ಒಮ್ಮೆ ಹೇಳಿದ್ದೇ ಸಾಕಾಯಿತು. ಖನಿಜ ಮಿಶ್ರಣದ ಪುಡಿ ತರಲು ಬೀದರಿಗೆ ಓಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಷ್ಟಪಟ್ಟು ತಂದ ಆ ಪುಡಿಯನ್ನು ಅತ್ತೆ ಅಡುಗೆಮನೆಯ ಡಬ್ಬಿಯಲ್ಲೇ ತುಂಬಿಟ್ಟಿದ್ದರು. ಒಂದು ಬೆಳಿಗ್ಗೆ ಹುರಿಗಡಲೆಯ ಸತ್ತಿನ ಹಿಟ್ಟೆಂದು ತಿಳಿದು ಎರಡು ಚಮಚ ಬಿಸಿನೀರಿಗೆ ಕಲಸಿ ಕುಡಿದೇಬಿಟ್ಟೆ. ನನ್ನ ಮುಖ ಹುಳ್ಳಗಾದದ್ದನ್ನು ನೋಡಿ ಅತ್ತೆ ಗಾಬರಿಯಾದರೆಂದುಕೊಂಡಿರಾ?

“ಅದು ಗಬ್ಬದ ಆಕಳಿಂದು. ನಿನಗೀಗ ಎಷ್ಟನೇ ತಿಂಗಳು?” ಎಂದರು.

ಅದೇ ಆಕಳಿಗೆ ಅವರು ಬಸುರಿಗೆ ಮಾಡುವಂತೆ ಕುಬಸವನ್ನೂ ಮಾಡಿದರು. ಬೆನ್ನ ಮೇಲೆ ಹಸಿರು ಖಣ, ಕೊಂಬಿಗೆ ಹಸಿರು ಬಳೆ. ಓಣಿಯ ಹೆಂಗಸರು ಆರತಿ ಬೆಳಗಿದರು. ನನ್ನ ಹೆಂಡತಿಯ ಕುಬಸದಲ್ಲಿ ಇಷ್ಟು ಹಾಡು ಹೇಳಿರಲಿಲ್ಲ.

ಈ ಸಲ ಆಕಳು ಈದದ್ದು ರವಿವಾರ ಬೆಳಿಗ್ಗೆ. ಸುದ್ದಿ ತಿಳಿದದ್ದೇ ಬೆಲ್ಲ, ಯಾಲಕ್ಕಿ, ಡಬ್ಬಿಯ ಸಮೇತ ಎಕಂಬಾಕ್ಕೆ ಹೊರಟೆ. ಹೋಗಿ ನೋಡಿದರೆ ಕರು ಎದ್ದು ನಿಂತಿಲ್ಲ. ಕಿವಿ ಜೋತುಬಿದ್ದಿದೆ, ಮೊಲೆ ಬಾಯಿಗಿಟ್ಟರೆ ಚೀಪುತ್ತಿಲ್ಲ. ಅತ್ತೆ ನನ್ನ ಡಬ್ಬಿಯ ಕಡೆ ಕಣ್ಣೆತ್ತಿಯೂ ನೋಡದೆ, ಕರುವಿನ ತಲೆ ಎತ್ತಿ ಹಿಡಿ ಎಂದರು. ಗಿಣ್ಣದ ಹಾಲಿನಲ್ಲಿ ಎರಡು ಬೆರಳು ಅದ್ದಿ ಒತ್ತಿ ನೋಡಿದರು. ಬೆರಳು ಅಂಟಿದವು. ಅಷ್ಟು ದಿನ ತಿನ್ನಿಸಿದ್ದು ಸಾರ್ಥಕವಾಯಿತೆಂಬಂತೆ ತಲೆಯಾಡಿಸಿ, ಬಾಟಲಿಗೆ ತುಂಬಿ ಗುಟುಕು ಗುಟುಕಾಗಿ ಕುಡಿಸತೊಡಗಿದರು.

ಪಕ್ಕದ ಮನೆಯ ಮುದುಕಿ ಬಂದು, ಆಕಳ ಮಾಸುಚೀಲ ಬೀಳುವ ಮುಂಚೆ ಕರುವಿಗೆ ಹಾಲು ಕುಡಿಸಬಾರದು ಎಂದು ತಕರಾರು ತೆಗೆದರು. ಅತ್ತೆ ಬಾಟಲಿ ಇಳಿಸಲಿಲ್ಲ. ಗದ್ದದಿಂದ ನನ್ನ ಕಡೆ ತೋರಿಸಿದರು.

“ನಮ್ಮ ತವರು ಕಮಠಾಣದಾಗ ಇವ ಹುಟ್ಟಿದಾಗೂ ಹಿಂಗೇ ಅಂದಿದ್ರು ನೋಡ್ರಿ. ಹಳದಿ ಹಾಲು ಹಿಂಡಿ ಚೆಲ್ರಿ, ಮೂರು ದಿನ ಸಕ್ರಿ ನೀರು ಕುಡಸ್ರಿ ಅಂತ. ಕೂಸಿಗಿ ಅಳಲಿಕ್ಕೂ ತ್ರಾಣ ಇರಲಿಲ್ಲ. ನಾ ಬಾಗಿಲದಾಗ ನಿಂತೆ, ಒಬ್ಬರಿಗೂ ಒಳಗ ಬಿಡಲಿಲ್ಲ. ವೈನಿ, ನಮ್ಮ ಈ ಕರಕ್ಕ ಮೊದಲ ಕುಡಸ್ರಿ ಅಂದೆ.”

ಆ ವೈನಿ ನನ್ನ ಅವ್ವ. ಅತ್ತೆಗೆ ಆಗ ಹದಿನಾರು ವರ್ಷ, ಮದುವೆಯೂ ಆಗಿರಲಿಲ್ಲ. ಈ ಮಾತನ್ನು ಅವ್ವನಾಗಲಿ ಅತ್ತೆಯಾಗಲಿ ಎಂದೂ ನನಗೆ ಹೇಳಿರಲಿಲ್ಲ. ನಾನು ಕರುವಿನ ತಲೆಯನ್ನು ಇನ್ನಷ್ಟು ಎತ್ತಿ ಹಿಡಿದೆ.

ಮಧ್ಯಾಹ್ನದ ಹೊತ್ತಿಗೆ ಕರು ನಡುಗುವ ಕಾಲಿನ ಮೇಲೆ ಎದ್ದು ನಿಂತು, ತಾನೇ ಮೊಲೆ ಹುಡುಕಿಕೊಂಡಿತು. ಆಗ ಅತ್ತೆಗೆ ನನ್ನ ಖಾಲಿ ಡಬ್ಬಿ ನೆನಪಾಯಿತು. ಇವತ್ತು ಒಂದು ವಾಟಿ ಗಿಣ್ಣ ಒಯ್ಯಿ ಎಂದು ಅವರೇ ಕೈ ಚಾಚಿದರು. ನಾನು ಡಬ್ಬಿ ಕೊಡಲಿಲ್ಲ. ಗಿಣ್ಣ ಕೊಡದ ಅತ್ತೆಯೆಂದು ಊರೆಲ್ಲ ದೂರುತ್ತ ಬಂದಿದ್ದೆ. ನನ್ನ ಪಾಲು ನಲವತ್ತೆಂಟು ವರ್ಷಗಳ ಹಿಂದೆಯೇ, ಎಲ್ಲರಿಗಿಂತ ಮೊದಲು, ನನಗೆ ಸಂದಿತ್ತು.