ಎಡಗಡೆಯ ಇಂಡಿಕೇಟರು

ಡ್ರೈವರ್ ದೊಡ್ಡಣ್ಣ ಬದುಕಿದ್ದಷ್ಟು ಕಾಲ ಆ ಪಿಕಪ್ ಗಾಡಿಯ ಸ್ಟೀರಿಂಗನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಹಿಂದಿನ ಟ್ರೇಲರಿನ ಲೈಟಿಗೆ ವೈರು ಸೇರಿಸುವ ಪ್ಲಗ್ಗನ್ನಂತೂ ಕೇಳಲೇಬೇಡಿ. ಅದನ್ನು ಅವನು ತನಗೆ ತೋಚಿದಂತೆ, ಕೆಂಪಿಗೆ ಹಳದಿ, ಹಸಿರಿಗೆ ಕಪ್ಪು ಗಂಟು ಹಾಕಿ ಕಟ್ಟಿದ್ದ. ಕ್ಲೀನರು ಅತ್ತ ಕೈ ಚಾಚಿದರೆ ಸಾಕು, "ನೀನು ಕ್ಲೀನರು. ಮೊದಲು ಗಾಜು ಒರಸು" ಎನ್ನುತ್ತಿದ್ದ. ಆ ಮಾತು ಕೇಳಿ ಕೇಳಿಯೇ ಕ್ಲೀನರನ ತಲೆ ನೆರೆತಿತ್ತು.

ಈಗ ದೊಡ್ಡಣ್ಣ ತೀರಿಕೊಂಡಿದ್ದ. ಅವನ ಹೆಂಡತಿ ಗಾಡಿಯನ್ನು ಕ್ಲೀನರನಿಗೇ ವಹಿಸಿದ್ದಳು. ಸಂಜೆ ಹೆಂಚಿನಂಗಡಿಯ ಸಾಹುಕಾರ ಬರುವವನಿದ್ದ, ಊರಿಗೆ ಹೊಸಬ. ಲೈಟೆಲ್ಲ ಸರಿಯಿದ್ದರೆ ಮಾಲು ಸಾಗಿಸುವ ಕೆಲಸ ಖಾಯಂ. ಹುಟ್ಟಿದ್ದಕ್ಕೆ ಒಮ್ಮೆಯಾದರೂ ಡ್ರೈವರ್ ಅನ್ನಿಸಿಕೊಳ್ಳಬೇಕು ಎಂಬುದೊಂದೇ ಕ್ಲೀನರನ ಆಸೆ.

ಅವನು ಮೊದಲು ಮಾಡಿದ್ದೇ ಹಳೆ ಪ್ಲಗ್ಗನ್ನು ಕತ್ತರಿಸಿ ಎಸೆದದ್ದು. ಹೊಸದು ತಂದು ಕೆಂಪಿಗೆ ಕೆಂಪು, ಹಳದಿಗೆ ಹಳದಿ ಲಕ್ಷಣವಾಗಿ ಸೇರಿಸಿದ. ಬ್ರೇಕ್ ಒತ್ತಿದರೆ ಬಲಗಡೆ ಇಂಡಿಕೇಟರು ಮಿನುಗಿತು. ಇಂಡಿಕೇಟರು ಹಾಕಿದರೆ ನಂಬರ್ ಪ್ಲೇಟಿನ ದೀಪ ಉರಿಯಿತು. ಎದುರುಮನೆಯ ಟೈಲರು ಬಂದು ಫ್ಯೂಸು ಹೋಗಿದೆ ಎಂದ. ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನೂ ಕರೆದುಕೊಂಡೇ ಬಂದು, ಅಲ್ಲ, ಅರ್ಥಿಂಗು ಸರಿಯಿಲ್ಲ ಎಂದ. ಗಿರಾಕಿ ಮಾತ್ರ, ಇನ್ನರ್ಧ ಮುಗಿಸೋಣ ಎಂದ.

ರೇಗಿಹೋದ ಕ್ಲೀನರು ಕೀ ತೆಗೆದು ಜೇಬಿಗೆ ಹಾಕಿಕೊಂಡು, ಪ್ಲಗ್ಗನ್ನೂ ಕಳಚಿ ಕೈಯಲ್ಲಿ ಹಿಡಿದ. ಆಗ ಟ್ರೇಲರಿನ ಎಡಗಡೆಯ ಇಂಡಿಕೇಟರು ಟಿಕ್ ಟಿಕ್ ಎಂದು ಮಿನುಗತೊಡಗಿತು.

ತಿರುವು ದಾಟಿದರೂ ಎಡಗಡೆ ದೀಪ ಆರಿಸದೆ ಹೋಗುವುದು ದೊಡ್ಡಣ್ಣನ ಹಳೇ ಚಾಳಿ. ಬೀದಿಗೆಲ್ಲ ಅದು ಗೊತ್ತಿತ್ತು.

"ವೈರೇ ಸೇರಿಸಿಲ್ವಲ್ಲೋ," ಎಂದ ಟೈಲರು ಮೆಲ್ಲಗೆ. ಕ್ಷೌರದಂಗಡಿಯವನು ಕಾಲಿಗೆ ಬುದ್ಧಿ ಹೇಳಿದ. ಅವನ ಹಿಂದೆ ಟೈಲರು, ಅವನ ಹಿಂದೆ ಅರ್ಧ ಗಡ್ಡ.

ಕ್ಲೀನರೂ ಒಂದು ಹೆಜ್ಜೆ ಹಿಂದಿಟ್ಟ. ಆದರೆ ಓಡಿದರೆ ಕೆಲಸವೂ ಓಡುತ್ತದೆ. ಹಳೆ ಪ್ಲಗ್ಗನ್ನು ಚರಂಡಿಯಿಂದ ಹೆಕ್ಕಿ ತಂದು, ಮೊದಲಿದ್ದಂತೆಯೇ ಗಂಟು ಹಾಕಿದ.

"ತಪ್ಪಾಯ್ತು ದೊಡ್ಡಣ್ಣ. ನೀನು ಕಟ್ಟಿದ್ದೇ ಸರಿ. ಇವತ್ತೊಂದು ದಿನ ಮಾನ ಉಳಿಸಪ್ಪ."

ದೀಪ ತಟ್ಟನೆ ಆರಿತು. ಮುಂದೆ ಡ್ರೈವರ್ ಸೀಟು ಯಾರೋ ಕೂತ ಹಾಗೆ ಕಿರ್ರೆಂದಿತು. ಹಳೇ ಸ್ಪ್ರಿಂಗು ಎಂದು ಅವನು ತನಗೆ ತಾನೇ ಹೇಳಿಕೊಂಡ.

ಸಂಜೆ ಬಂದ ಸಾಹುಕಾರ, ದೀಪ ನೋಡಿ ಕೂಗಿ ಹೇಳು ಎಂದು ಅವನನ್ನು ಹಿಂದೆ ನಿಲ್ಲಿಸಿ, ತಾನು ಗಾಡಿಯ ಮುಂದುಗಡೆ ಹೋದ. ಎಡ ಮಿನುಗಿತು, ಬಲ ಮಿನುಗಿತು, ಬ್ರೇಕಿನ ದೀಪ ಕೆಂಪಗೆ ಹೊತ್ತಿತು. ಒಂದೂ ತಪ್ಪಲಿಲ್ಲ. ಕ್ಲೀನರು ಹಿಗ್ಗಿ ಹೀರೇಕಾಯಿಯಾದ. ಆಮೇಲೆ ಜೇಬು ಮುಟ್ಟಿ ನೋಡಿಕೊಂಡ. ಕೀ ಅಲ್ಲೇ ಇತ್ತು.

"ಲೈಟೆಲ್ಲ ಚೆನ್ನಾಗಿದೆ," ಎನ್ನುತ್ತ ಸಾಹುಕಾರ ಬಂದ. "ಕೆಲಸ ಖಾಯಂ. ಡ್ರೈವರ್ ಹತ್ರ ಎಲ್ಲ ಮಾತಾಡಿದೀನಿ."

"ಡ್ರೈವರ್ ನಾನೇ ಅಲ್ವಾ ಸಾರ್?"

ಸಾಹುಕಾರ ಅವನನ್ನು ಮೇಲಿಂದ ಕೆಳಗೆ ನೋಡಿದ. "ಒಳಗೆ ಕೂತಿರೋ ದೊಡ್ಡವರು ಹಾಗೆ ಹೇಳಲಿಲ್ಲವಲ್ಲ. ನೀನು ಕ್ಲೀನರಂತೆ. ಮೊದಲು ಗಾಜು ಒರಸಬೇಕಂತೆ."

ಎಡಗಡೆಯ ಇಂಡಿಕೇಟರು ಮತ್ತೆ ಟಿಕ್ ಟಿಕ್ ಎನ್ನತೊಡಗಿತು. ಕ್ಲೀನರು ಬಟ್ಟೆ ಹುಡುಕಿಕೊಂಡು ಹೊರಟ.